ಸಾಲ್ವರ್ ಕೊಳ್ಳದೆ ಪ್ರೀಫ್ಲಾಪ್ ಕಲಿತದ್ದು: ನನ್ನ ಅನುಭವ

ಪೋಕರ್‌ನಲ್ಲಿ ಸಾಲ್ವರ್ (ಅತ್ಯುತ್ತಮ ಆಟ ಯಾವುದೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್) ಇಲ್ಲದೆ ಪ್ರೀಫ್ಲಾಪ್ (ಟೇಬಲ್ ಮೇಲೆ ಎಲೆ ಬೀಳುವ ಮೊದಲಿನ ಬೆಟ್ಟಿಂಗ್) ಕಲಿಯೋಕೆ ಆಗೋದಿಲ್ಲ ಎಂದು ನನ್ನ ಜೊತೆ ಆಡುವವರೆಲ್ಲ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಅಭ್ಯಾಸದ ಫೈಲ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಆಡುವುದು 6-ಮ್ಯಾಕ್ಸ್ ಕ್ಯಾಶ್ (ಆರು ಜನರ ಟೇಬಲ್, ನೇರ ದುಡ್ಡಿನ ಆಟ), 100 ಬಿಗ್ ಬ್ಲೈಂಡ್ ಸ್ಟ್ಯಾಕ್. ಬಿಗ್ ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಒಂದು ಸೀಟ್‌ನವರು ಕಟ್ಟಬೇಕಾದ ದುಡ್ಡು, ಸ್ಮಾಲ್ ಬ್ಲೈಂಡ್ ಅದರ ಅರ್ಧ; ಆ ಸೀಟ್‌ಗಳಿಗೂ ಅದೇ ಹೆಸರು.

ಮೊದಲು ದುಡ್ಡಿನ ಮಾತು. ಆಗ ನನ್ನ ಬಳಿ ಇದ್ದದ್ದು ಹೆಚ್ಚೂಕಡಿಮೆ ಮೂವತ್ತು ಬೈ-ಇನ್ (ಒಂದು ಬೈ-ಇನ್ ಎಂದರೆ ಟೇಬಲ್‌ಗೆ ಒಮ್ಮೆ ತರುವ ದುಡ್ಡು). ಒಳ್ಳೆಯ ಪ್ರೀಫ್ಲಾಪ್ ಸಾಲ್ವರ್, ಅದನ್ನು ಓಡಿಸುವಷ್ಟು ಮೆಮೊರಿ ಇರುವ ಕಂಪ್ಯೂಟರ್, ಎರಡನ್ನೂ ಕೊಂಡರೆ ಆಡೋಕೆ ದುಡ್ಡೇ ಉಳಿಯುತ್ತಿರಲಿಲ್ಲ. ಬದಲಿಗೆ ಒಂದು ಕೋರ್ಸ್‌ಗೆ ಐದಾರು ಬೈ-ಇನ್ ಕೊಟ್ಟೆ. ಬಂದ ಚಾರ್ಟ್‌ಗಳು (ಯಾವ ಕೈ, ಅಂದರೆ ಯಾವ ಎರಡು ಎಲೆ, ಹೇಗೆ ಆಡಬೇಕೆಂಬ ಚೌಕಗಳ ಪಟ್ಟಿ) ಆಂಟೆ (ಬ್ಲೈಂಡ್ ಅಲ್ಲದೆ ಮೊದಲೇ ಕಟ್ಟುವ ದುಡ್ಡು) ಇರುವ ಟೂರ್ನಮೆಂಟಿನವು! ನನ್ನ ಟೇಬಲ್‌ನಲ್ಲಿ ಆಂಟೆ ಇಲ್ಲ, ಮೇಲಿಂದ ರೇಕ್ (ಕೂಡಿದ ಬೆಟ್ ದುಡ್ಡಿನಿಂದ ಆಡಿಸುವವರು ಮುರಿದುಕೊಳ್ಳುವ ಪಾಲು) ಇದೆ. ದುಡ್ಡು ವಾಪಸ್ ಸಿಗಲಿಲ್ಲ.

ಆಮೇಲೆ ಉಚಿತ ಚಾರ್ಟ್‌ಗಳ ಹಿಂದೆ ಬಿದ್ದೆ. ಓಪನ್ ರೇಂಜ್ (ಮೊದಲ ರೈಸ್‌ಗೆ, ಅಂದರೆ ಬೆಟ್ ಏರಿಸೋಕೆ, ಬಳಸುವ ಕೈಗಳು) ಒಂದು ಕಡೆಯದು, ತ್ರೀಬೆಟ್ (ಆ ರೈಸ್ ಮೇಲೆ ಮತ್ತೆ ರೈಸ್) ಇನ್ನೊಂದು ಕಡೆಯದು, ಬಿಗ್ ಬ್ಲೈಂಡ್ ಮತ್ತೊಂದು ಕಡೆಯದು. ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಯಾಕೆ ಅಂತ ಕೂತು ಲೆಕ್ಕ ಹಾಕಿದ ಮೇಲೆ ಎಲ್ಲ ಬದಲಾಯಿತು. ಬಟನ್ (ಸ್ಮಾಲ್ ಬ್ಲೈಂಡ್‌ಗೆ ಮೊದಲಿನ ಸೀಟ್) ಓಪನ್ ಮಾಡಿ ಸ್ಮಾಲ್ ಬ್ಲೈಂಡ್ ಫೋಲ್ಡ್ ಮಾಡಿದರೆ (ಕೈ ಬಿಟ್ಟರೆ), ಬಿಗ್ ಬ್ಲೈಂಡ್‌ನಲ್ಲಿ ಕಾಲ್ ಮಾಡಲು (ಆ ಬೆಟ್‌ಗೆ ಸಮ ಕಟ್ಟಲು) ಎಷ್ಟು ಈಕ್ವಿಟಿ (ಕೂಡಿದ ದುಡ್ಡಿನಲ್ಲಿ ಸರಾಸರಿ ಗೆಲ್ಲುವ ಪಾಲು) ಬೇಕು? ಓಪನ್ 2 ಬ್ಲೈಂಡ್ ಆದರೆ 22 ಪರ್ಸೆಂಟ್. 2.5 ಆದರೆ 27. 3 ಆದರೆ 31. ರೇಕ್ 5 ಪರ್ಸೆಂಟ್ ಹಿಡಿದರೆ ಆ 27 ಕೂಡ 29ರ ಹತ್ತಿರ ಹೋಗುತ್ತದೆ. ಯಾವ ಸೈಜ್, ಯಾವ ರೇಕ್ ಎಂದು ಬರೆಯದ ಚಾರ್ಟ್ ಸುಮ್ನೆ ಬಣ್ಣದ ಚೌಕಗಳು ಅಷ್ಟೇ. ಅವನ್ನೆಲ್ಲ ಅಳಿಸಿಹಾಕಿದೆ. ನನ್ನ ಸ್ಟೇಕ್ಸ್‌ಗೆ ಹತ್ತಿರದ ರೇಕ್, 2.5 ಓಪನ್, ಎಲ್ಲ ಸೀಟ್‌ಗಳೂ ಒಂದೇ ಲೆಕ್ಕದಿಂದ ಬಂದ ಸೆಟ್ ಒಂದನ್ನು ಹುಡುಕಿ ಇಟ್ಟುಕೊಂಡೆ. ಅದೂ ಉಚಿತವೇ.

ಈಗ ನನ್ನ ವಿಧಾನ. ನಾನು ಚಾರ್ಟ್ ಬಾಯಿಪಾಠ ಮಾಡಲಿಲ್ಲ. ಗಡಿ ಮಾತ್ರ ಕಲಿತೆ. ಪಾಕೆಟ್ ಏಸಸ್ (ಕೈಯಲ್ಲಿ ಎರಡೂ ಏಸ್) ರೈಸ್, 7-2 ಫೋಲ್ಡ್ ಎಂದು ಯಾರೂ ಅಭ್ಯಾಸ ಮಾಡಬೇಕಿಲ್ಲ ಅಲ್ವಾ? ಬಟನ್‌ನಿಂದ ಕಿಂಗ್-9 ಆಫ್‌ಸೂಟ್ (ಎರಡು ಎಲೆ ಬೇರೆ ಬೇರೆ ಸೂಟ್, ಒಂದು ಹಾರ್ಟ್ ಒಂದು ಸ್ಪೇಡ್ ಹೀಗೆ) ಒಳಗೆ, ಕಿಂಗ್-6 ಆಫ್‌ಸೂಟ್ ಹೊರಗೆ. ನಡುವೆ ಗೆರೆ ಎಲ್ಲಿ? ಅಂಥ ಪ್ರಶ್ನೆಗಳನ್ನಷ್ಟೇ ಆಂಕಿ (Anki) ಎಂಬ ಪ್ರಶ್ನೋತ್ತರ ಕಾರ್ಡ್‌ಗಳ ಆ್ಯಪ್‌ನಲ್ಲಿ ಹಾಕಿದೆ. ಕಂಪ್ಯೂಟರ್‌ನಲ್ಲಿ ಆಂಕಿಗೆ ದುಡ್ಡಿಲ್ಲ. 169 ಚೌಕಗಳ ಚಾರ್ಟ್‌ನಲ್ಲಿ ಒಂದು ಸೀಟ್‌ಗೆ ಹದಿನೈದು ಇಪ್ಪತ್ತು ಕಾರ್ಡ್ ಸಾಕಾಯಿತು.

ಅದರಲ್ಲೂ ಆಫ್‌ಸೂಟ್ ಗಡಿ ಮೊದಲು. ಚಾರ್ಟ್‌ನಲ್ಲಿ ಎಲ್ಲ ಚೌಕಗಳೂ ಒಂದೇ ಗಾತ್ರ ಕಾಣುತ್ತವೆ. ಆದರೆ ಆಫ್‌ಸೂಟ್ ಚೌಕ ಎಂದರೆ 12 ಕಾಂಬೋ (ಆ ಕೈ ಬರಬಹುದಾದ ಬಗೆಗಳು), ಸೂಟೆಡ್ (ಎರಡೂ ಒಂದೇ ಸೂಟ್) ಎಂದರೆ 4, ಪೇರ್ ಎಂದರೆ 6. ಆಫ್‌ಸೂಟ್ ಗೆರೆ ಒಂದು ಚೌಕ ಜಾರಿದರೂ ನಷ್ಟ ಸೂಟೆಡ್‌ಗಿಂತ ಮೂರು ಪಟ್ಟು ಸಲ ಎದುರಾಗುತ್ತದೆ. ಈ ಕ್ರಮದಲ್ಲಿ ಕಲಿಸುವವರನ್ನು ನಾನು ಇನ್ನೂ ನೋಡಿಲ್ಲ. ಕಾರ್ಡ್‌ಗಳನ್ನು ಹೇಗೆ ಗುಂಪು ಮಾಡಿದ್ದೇನೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮಿಕ್ಸ್ಡ್ ಕೈಗಳನ್ನು (ಚಾರ್ಟ್ ಒಮ್ಮೊಮ್ಮೆ ರೈಸ್, ಒಮ್ಮೊಮ್ಮೆ ಫೋಲ್ಡ್ ಎನ್ನುವವು) ಒಂದೇ ಕಡೆಗೆ ತಳ್ಳಿದೆ: ಒಂದೋ ಯಾವಾಗಲೂ ರೈಸ್, ಇಲ್ಲವೇ ಯಾವಾಗಲೂ ಫೋಲ್ಡ್. ಈಕ್ವಿಲಿಬ್ರಿಯಂನಲ್ಲಿ (ಯಾರೂ ತಮ್ಮ ಆಟ ಬದಲಿಸಿ ಲಾಭ ಪಡೆಯಲಾಗದ ಸ್ಥಿತಿ) ಆ ಎರಡರ ಇವಿ (ಸರಾಸರಿ ಲಾಭ) ಹೇಗೂ ಸಮ. ನನ್ನ ಸ್ಟೇಕ್ಸ್‌ನಲ್ಲಿ ಅದನ್ನು ಹಿಡಿದು ಹೊಡೆಯುವವರು ಯಾರೂ ಇಲ್ಲ.

ತ್ರೀಬೆಟ್ ಬ್ಲಫ್‌ಗೆ ಏಸ್-5 ಸೂಟೆಡ್ ಯಾಕೆ ಎಂಬುದನ್ನೂ ಕಾಗದದ ಮೇಲೆ ನೋಡಿದೆ. ನನ್ನ ಕೈಯಲ್ಲಿ ಒಂದು ಏಸ್ ಇದ್ದರೆ ಎದುರಾಳಿಯ ಪಾಕೆಟ್ ಏಸಸ್ 6ರಿಂದ 3 ಕಾಂಬೋಗೆ ಇಳಿಯುತ್ತದೆ, ಏಸ್-ಕಿಂಗ್ 16ರಿಂದ 12ಕ್ಕೆ. ಕಾರಣ ಗೊತ್ತಾದ ಕೈ ಮರೆಯೋದಿಲ್ಲ.

ನಡುವೆ ಒಂದು ಹುಚ್ಚು ಹತ್ತಿತು. ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ಒಂದು ಪುಟ್ಟ ಸಾಲ್ವರ್ ಮಾಡಿದೆ. ಹೆಡ್ಸ್-ಅಪ್ (ಇಬ್ಬರೇ), 10 ಬ್ಲೈಂಡ್, ಶವ್ (ಇದ್ದದ್ದೆಲ್ಲ ಕಟ್ಟುವುದು) ಅಥವಾ ಫೋಲ್ಡ್ ಅಷ್ಟೇ. ಒಂದು ಕಡೆಯವನ ಸರಾಸರಿ ರೇಂಜ್‌ಗೆ ಇನ್ನೊಬ್ಬನ ಅತ್ಯುತ್ತಮ ಉತ್ತರ, ಮತ್ತೆ ಅದಕ್ಕೆ ಇವನ ಉತ್ತರ, ಹೀಗೆ ನೂರಾರು ಸುತ್ತು. ಈಕ್ವಿಟಿ ಟೇಬಲ್ 169 ಇಂಟು 169, ಫೈಲ್ ತೆರೆಯೋಕೇ ಕಾಯಬೇಕು. ಕೊನೆಗೆ ಶವ್ ಸುಮಾರು 58 ಪರ್ಸೆಂಟ್, ಕಾಲ್ ಸುಮಾರು 37ಕ್ಕೆ ಬಂದು ನಿಂತಿತು. ನ್ಯಾಶ್ (ಈಕ್ವಿಲಿಬ್ರಿಯಂ) ಟೇಬಲ್‌ಗಳಲ್ಲಿ ಇರುವುದೂ ಅದೇ! ಆ ರಾತ್ರಿ ನಿದ್ದೆ ಬರಲಿಲ್ಲ. ಕ್ಯಾಶ್‌ನಲ್ಲಿ ಇದರ ನೇರ ಉಪಯೋಗ ಕಡಿಮೆ. ಆದರೆ ಎದುರಾಳಿ ಕಾಲ್ ಕಡಿಮೆ ಮಾಡಿದರೆ ನನ್ನ ಗೆರೆ ಯಾವ ಕಡೆ ಸರಿಯುತ್ತದೆ ಎಂಬುದು ಕಣ್ಣಾರೆ ಕಂಡಿತು.

ಫಲ ಏನು? ಬಿಗ್ ಬ್ಲೈಂಡ್ ಸೀಟ್‌ನಲ್ಲಿ ಎಲ್ಲ ಕೈ ಫೋಲ್ಡ್ ಮಾಡಿದರೆ ನೂರು ಕೈಗೆ 100 ಬ್ಲೈಂಡ್ ನಷ್ಟ. ನನ್ನದು ಮೊದಲು 55ರ ಆಸುಪಾಸು ಇತ್ತು. ಈಗ 35-40. ಐವತ್ತು ಅರವತ್ತು ಸಾವಿರ ಕೈಗಳ ಲೆಕ್ಕ ಇದು, ಅಂದಾಜು. ಪೂರ್ತಿ ವಿಧಾನಕ್ಕೆ ಆದ ಖರ್ಚು ಸೊನ್ನೆ, ಆ ಕೋರ್ಸ್ ಬಿಟ್ಟು.

ಸ್ಕ್ವೀಜ್ (ಒಬ್ಬರ ರೈಸ್, ಇನ್ನೊಬ್ಬರ ಕಾಲ್ ಆದ ಮೇಲೆ ಮಾಡುವ ರೈಸ್) ಮಾತ್ರ ಬಾಕಿ ಇದೆ. ಅದಕ್ಕೆ ನನ್ನ ಸೈಜ್‌ಗೆ ಹೊಂದುವ ಉಚಿತ ಚಾರ್ಟ್ ಸಿಕ್ಕಿಲ್ಲ. ಪ್ರಶ್ನೆಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಯಾವುದಾದರೂ ಸಾಲ್ವರ್ ಸೈಟ್‌ಗೆ ಒಂದೇ ತಿಂಗಳ ಚಂದಾ ಕಟ್ಟಿ, ಬೇಕಾದ ಗಡಿಗಳನ್ನು ತೆಗೆದುಕೊಳ್ಳುವ ಯೋಚನೆ ಇದೆ.