ಕೆರೆಗಿಳಿಯುವ ಬಾಂಬರ್ ನಿಮ್ಮ ಮೇಜಿನ ಮೇಲೆ: ಕ್ಯಾಟಲೀನಾ ಮಾಡೆಲ್ ಕಟ್ಟುವುದು ಹೇಗೆ?

ಬೀದರಿನವರಿಗೆ ತಲೆ ಮೇಲೆ ವಿಮಾನ ಹಾರುವುದು ಹೊಸದಲ್ಲ. ವಾಯುಪಡೆಯ ತರಬೇತಿ ನೆಲೆ ಊರ ಪಕ್ಕದಲ್ಲೇ ಇದೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ಹಾಗಾಗಿ ಇಲ್ಲಿನ ಹುಡುಗರು ಪ್ಲಾಸ್ಟಿಕ್ ಮಾಡೆಲ್ ಕಟ್ಟಲು ಕೂತರೆ ಮೊದಲು ಕೈ ಹಾಕುವುದು ಜೆಟ್‌ಗೇ. ಒಂದೆರಡು ಜೆಟ್ ಕಟ್ಟಿ ಕೈ ಕುದುರಿದ ಮೇಲೆ ಮುಂದೇನು ಎಂದು ಕೇಳುವವರಿಗೆ ನಾನು ಹೇಳುವ ಹೆಸರು ಒಂದೇ: ಕ್ಯಾಟಲೀನಾ.

ಎರಡನೇ ಮಹಾಯುದ್ಧದಲ್ಲಿ ಸಮುದ್ರ ಕಾಯುತ್ತಿದ್ದ ಅಮೆರಿಕದ ಬಾಂಬರ್ ಇದು. ಕೆಳಗೆ ದೋಣಿಯಂಥ ಹೊಟ್ಟೆ, ಅದರ ಮೇಲೊಂದು ಕಂಬ, ಕಂಬದ ಮೇಲೆ ಉದ್ದನೆಯ ರೆಕ್ಕೆ. ಮೊದಲು ಹಾರಿದ್ದು 1935ರಲ್ಲಿ. 1942ರ ಏಪ್ರಿಲ್ 4ರಂದು ಜಪಾನಿನ ನೌಕಾಪಡೆ ಸಿಲೋನ್ (ಇಂದಿನ ಶ್ರೀಲಂಕಾ) ಕಡೆ ಬರುತ್ತಿರುವುದನ್ನು ಕಂಡು ಎಚ್ಚರಿಸಿದ್ದು ಕೆನಡಾದ ಲಿಯೊನಾರ್ಡ್ ಬರ್ಚಲ್ ಹಾರಿಸುತ್ತಿದ್ದ ಕ್ಯಾಟಲೀನಾ. ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸುತ್ತಿದ್ದಾಗಲೇ ಅದನ್ನು ಹೊಡೆದುರುಳಿಸಿದರು. ಬದುಕುಳಿದವರು ಸೆರೆಯಾದರು. ನಮ್ಮ ನೆಲದ ನಂಟೂ ಇದೆ. ಮದ್ರಾಸಿನ ರೆಡ್ ಹಿಲ್ಸ್ ಕೆರೆಯಲ್ಲಿ ಇವುಗಳ ನೆಲೆ ಇತ್ತು. ರಿಪೇರಿಗೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದಾಗ ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ.

ಕಿಟ್ ತರಿಸುವಾಗ 1/72 ಅಳತೆಯದ್ದೇ ಸಾಕು. ನಿಜವಾದ ವಿಮಾನದ ರೆಕ್ಕೆ ಸುಮಾರು 31.7 ಮೀಟರ್. ಈ ಅಳತೆಯಲ್ಲಿ 44 ಸೆಂಟಿಮೀಟರ್ ಆಗುತ್ತದೆ. 1/48 ತಂದರೆ 66 ಸೆಂಟಿಮೀಟರ್. ಅಷ್ಟು ದೊಡ್ಡದನ್ನು ಇಡಲು ಜಾಗ ಬೇಕಲ್ವಾ?

ಅಂಟು ಮುಟ್ಟುವ ಮುಂಚೆ

ಡಬ್ಬಿ ಒಡೆದ ಕೂಡಲೇ ಮೂರು ವಿಷಯ ತೀರ್ಮಾನ ಮಾಡಿ. ಚಕ್ರ ಇರುವ ಮಾದರಿಯೋ, ನೀರಿಗೆ ಮಾತ್ರ ಇಳಿಯುವುದೋ? ರೆಕ್ಕೆ ತುದಿಯ ತೇಲುಬುಡ್ಡೆಗಳು ಕೆಳಗಿರಬೇಕೋ, ಮಡಚಿರಬೇಕೋ? ಮಡಚಿದರೆ ಅವೇ ರೆಕ್ಕೆಯ ತುದಿ ಆಗುತ್ತವೆ, ಈ ವಿಮಾನದ ಜಾಣತನವೇ ಅದು. ಮೂರನೆಯದು, ಯಾವ ದೇಶದ ಬಣ್ಣ? ಅರ್ಧ ಕಟ್ಟಿದ ಮೇಲೆ ಮನಸ್ಸು ಬದಲಿಸಿದರೆ ತಾಪತ್ರಯ ಜಾಸ್ತಿ.

ಬಿಡಿಭಾಗಗಳನ್ನು ಚೌಕಟ್ಟಿನಿಂದ ಬಿಡಿಸದೆಯೇ ಪಾತ್ರೆ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಪೈಲಟ್ ಕೂರುವ ಜಾಗಕ್ಕೆ ಬಣ್ಣ ಹಚ್ಚಿ ಬೇಗ ಮುಗಿಸಿ. ಮುಚ್ಚಿದ ಮೇಲೆ ಕಾಣುವುದು ಕಡಿಮೆ. ಹಿಂಭಾಗದ ಎರಡೂ ಬದಿಗೆ ಉಬ್ಬಿದ ಗಾಜಿನ ಗೂಡುಗಳಿವೆಯಲ್ಲ, ಅದರೊಳಗೆ ಮಾತ್ರ ಪುರುಸೊತ್ತಿನಿಂದ ಕೆಲಸ ಮಾಡಿ. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಮೂತಿಗೆ ಭಾರ

ಚಕ್ರದ ಮಾದರಿಯಾದರೆ ಇದು ತಪ್ಪಬಾರದ ಹೆಜ್ಜೆ. ಬಾಲ ಭಾರ, ಮೂತಿ ಹಗುರ. ಹಾಗೇ ಬಿಟ್ಟರೆ ವಿಮಾನ ಬಾಲದ ಮೇಲೆ ಕೂರುತ್ತದೆ. ಸೈಕಲ್ ಅಂಗಡಿಯಲ್ಲಿ ಬೇರಿಂಗ್ ಗುಂಡು ಸಿಗುತ್ತವೆ. ಅವನ್ನು ಮೂತಿಯೊಳಗೆ ತುಂಬಿ ಎಂ-ಸೀಲ್‌ನಿಂದ ಹಿಡಿಸಿ. ಎಷ್ಟು ಬೇಕು ಎಂದು ತಿಳಿಯಲು ಎಲ್ಲವನ್ನೂ ಟೇಪಿನಲ್ಲಿ ಜೋಡಿಸಿ, ರೆಕ್ಕೆ ಸಮೇತ. ದೊಡ್ಡ ಚಕ್ರಗಳು ಬರುವ ಜಾಗಕ್ಕೆ ಎರಡು ಬೆರಳು ಕೊಟ್ಟು ಎತ್ತಿ. ಮೂತಿ ತಾನಾಗಿ ಕೆಳಗೆ ಬಾಗಬೇಕು. ಬಾಗಿದ ಮೇಲೂ ನಾಲ್ಕು ಗುಂಡು ಹೆಚ್ಚೇ ಹಾಕಿ, ಬಣ್ಣದ ಭಾರವೂ ಸೇರುತ್ತದೆ.

ಈಗ ಹೊಟ್ಟೆಯ ಎರಡು ಹೋಳನ್ನು ಅಂಟಿಸಿ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯಿಡೀ ಬಿಡಿ. ಬೆಸುಗೆಯ ಗೆರೆಗೆ ಪುಟ್ಟಿ ತುಂಬಿ, ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರಿನಿಂದ ಉಜ್ಜಿ. 400 ನಂಬರ್‌ನಿಂದ ಶುರು ಮಾಡಿ 1000ಕ್ಕೆ ಮುಗಿಸಿ. ಹೊಟ್ಟೆಯ ಕೆಳಗಿನ ಮಧ್ಯದ ಏಣು ದೋಣಿಯ ಬೆನ್ನೆಲುಬು. ಗೆರೆ ತೆಗೆಯುವ ಭರದಲ್ಲಿ ಅದನ್ನು ಸವೆಸಬೇಡಿ.

ರೆಕ್ಕೆ ಕೂರಿಸುವ ದಿನ

ಅವಸರ ಇದ್ದರೆ ಆ ದಿನ ಈ ಕೆಲಸ ಬೇಡ. ಇಡೀ ರೆಕ್ಕೆ ನಿಲ್ಲುವುದು ಒಂದು ಕಂಬ ಮತ್ತು ಎರಡೆರಡು ಆಸರೆ ಕಡ್ಡಿಗಳ ಮೇಲೆ. ಆ ಕಂಬದೊಳಗೆ ನಿಜವಾಗಿ ಒಬ್ಬ ಎಂಜಿನಿಯರ್ ಕೂರುತ್ತಿದ್ದ. ಅವನ ಕಿಟಕಿಗಳನ್ನು ಮರೆಯಬೇಡಿ. ರೆಕ್ಕೆಯನ್ನು ಒಣದಾಗಿ ಇಟ್ಟು ಎದುರಿಂದ ನೋಡಿ. ಎರಡೂ ತುದಿಗಳಿಂದ ಮೇಜಿಗೆ ಸ್ಕೇಲ್ ಹಿಡಿದು ಅಳೆಯಿರಿ. ಸಮ ಬಂದ ಮೇಲೆಯೇ ಅಂಟು. ಎರಡೂ ತುದಿಯ ಕೆಳಗೆ ಒಂದೇ ಎತ್ತರದ ಪುಸ್ತಕಗಳನ್ನು ಜೋಡಿಸಿಟ್ಟು ಒಣಗಲು ಬಿಡಿ. ಕಡ್ಡಿಗಳನ್ನು ಆಮೇಲೆ ಹಾಕಿ. ಕಡ್ಡಿ ಎಳೆದು ರೆಕ್ಕೆ ನೇರ ಮಾಡುತ್ತೇನೆ ಎಂದರೆ ಕಡ್ಡಿಯೇ ಬಾಗುತ್ತದೆ.

ಗಾಜಿನ ಭಾಗಗಳಿಗೆ ಫೆವಿಕ್ವಿಕ್ ಬೇಡವೇ ಬೇಡ, ಅದರ ಹಬೆಗೆ ಗಾಜು ಮಂಕಾಗುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಪಾರದರ್ಶಕ. ಕಿಟಕಿಗಳಿಗೆ ಮಾಸ್ಕಿಂಗ್ ಟೇಪನ್ನು ಸಣ್ಣ ಸಣ್ಣ ಪಟ್ಟಿ ಮಾಡಿ ಅಂಟಿಸಿ. ಉಬ್ಬಿದ ಗೂಡಿನ ಮೇಲೆ ಅಗಲದ ಟೇಪು ಮುದುಡುತ್ತದೆ, ಎರಡು ಮಿಲಿಮೀಟರ್ ಪಟ್ಟಿಯಾದರೆ ಉಬ್ಬಿನ ಜೊತೆಗೇ ಬಾಗುತ್ತದೆ.

ಬಣ್ಣ

ನಮ್ಮ ಬೇಸಿಗೆಯಲ್ಲಿ ನಡುಮಧ್ಯಾಹ್ನ ಸ್ಪ್ರೇ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ, ಮೇಲ್ಮೈ ರವೆಯಂತೆ ತರಿತರಿ ಆಗುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿ. ಮಳೆ ಹಿಡಿದ ದಿನ ಬಿಡಿ, ಬಣ್ಣಕ್ಕೆ ಬಿಳಿ ಮಂಜು ಹಿಡಿಯುತ್ತದೆ. ಬೀದರಿನ ಕೆಂಪು ಧೂಳು ಬೇರೆ ಇದೆ. ಫ್ಯಾನ್ ಆಫ್ ಮಾಡಿ, ನೆಲಕ್ಕೆ ನೀರು ಚಿಮುಕಿಸಿ, ಬಣ್ಣ ಹಚ್ಚಿದ ಕೂಡಲೇ ರಟ್ಟಿನ ಡಬ್ಬಿ ಮುಚ್ಚಿ. ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ.

ಮೊದಲು ಬೂದು ಪ್ರೈಮರ್. ಗೆರೆ, ಗೀರು ಎಲ್ಲಾ ಇದರಲ್ಲಿ ಬಯಲಾಗುತ್ತವೆ. ತಿದ್ದಿ ಮತ್ತೆ ಹೊಡೆಯಿರಿ.

ಅಮೆರಿಕದ ನೌಕಾಪಡೆಯದ್ದಾದರೆ 1942ರ ಆರಂಭದ ಹೊತ್ತಿಗೆ ಮೇಲೆ ನೀಲಿಬೂದು, ಕೆಳಗೆ ತಿಳಿಬೂದು. ನನಗೆ ಇಷ್ಟ ನಮ್ಮ ಸಮುದ್ರದ ಬ್ರಿಟಿಷ್ ಬಣ್ಣ: ಬೆನ್ನಿಗೆ ಕಡುಬೂದು, ಬದಿಗೂ ಹೊಟ್ಟೆಗೂ ಬಿಳಿ. ಅದರ ವೃತ್ತದ ಗುರುತಿನಲ್ಲಿ ಕೆಂಪು ಇರಬಾರದು. ಜಪಾನಿನ ಕೆಂಪು ಸೂರ್ಯ ಎಂದು ತಮ್ಮ ಕಡೆಯವರೇ ಗುಂಡು ಹಾರಿಸಬಾರದೆಂದು ಈ ಭಾಗದಲ್ಲಿ ಕೆಂಪು ತೆಗೆದು ಬರೀ ನೀಲಿ ಛಾಯೆಗಳನ್ನು ಉಳಿಸಿದ್ದರು.

1942ರ ಕೊನೆಯಿಂದ ಪೆಸಿಫಿಕ್‌ನಲ್ಲಿ ರಾತ್ರಿ ದಾಳಿಗೆ ಹೋಗುತ್ತಿದ್ದ ಅಮೆರಿಕದ ಕ್ಯಾಟಲೀನಾಗಳು, ಅಂದರೆ ‘ಬ್ಲ್ಯಾಕ್ ಕ್ಯಾಟ್’ಗಳು, ಪೂರ್ತಿ ಕಪ್ಪು. ಬೀದರಿನವರಿಗೆ ಕಪ್ಪು ಎಂದರೆ ಬಿದ್ರಿ ಪಾತ್ರೆಯ ಕಪ್ಪೇ ನೆನಪಾಗುತ್ತದೆ. ಆದರೆ ಅಲ್ಲಿ ಆ ಕಡುಗಪ್ಪು ಇರುವುದು ಬೆಳ್ಳಿ ಎದ್ದು ಕಾಣಲಿ ಎಂದು. ಮಾಡೆಲ್ ಮೇಲೆ ಬೆಳ್ಳಿ ಇಲ್ಲ. ಶುದ್ಧ ಕಪ್ಪು ಹಚ್ಚಿದರೆ ಇಷ್ಟು ದಿನ ಉಜ್ಜುವಾಗ ಉಳಿಸಿಕೊಂಡ ತಗಡು ಜೋಡಣೆಯ ಗೆರೆಗಳೆಲ್ಲ ಮಾಯ. ಕಪ್ಪಿಗೆ ಸ್ವಲ್ಪ ಬೂದು ಬೆರೆಸಿ.

ಆಮೇಲೆ ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್ (ಗುರುತು, ನಂಬರ್‌ಗಳ ತೆಳು ಸ್ಟಿಕ್ಕರ್), ಕೊನೆಗೆ ಮ್ಯಾಟ್ ವಾರ್ನಿಷ್. ಹೊಳಪಿನ ಪದರ ಬಿಟ್ಟರೆ ಡೆಕಾಲ್ ಅಂಚಿನಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಕಾಣುತ್ತದೆ.

ಸವೆತ ತೋರಿಸುವುದು

ದಿನಗಟ್ಟಲೆ ಉಪ್ಪುನೀರಲ್ಲಿ ದುಡಿದ ವಿಮಾನ ಇದು. ಪರ್ತ್ ಮತ್ತು ಸಿಲೋನ್ ನಡುವೆ 1943ರಿಂದ 1945ರವರೆಗೆ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ ನಡೆಸಿದ ಕ್ಯಾಟಲೀನಾಗಳು ಒಮ್ಮೆ ಹಾರಿದರೆ 27ರಿಂದ 33 ಗಂಟೆ ಕೆಳಗಿಳಿಯುತ್ತಿರಲಿಲ್ಲ. ಆ ದಣಿವು ಕಾಣಬೇಕು, ಆದರೆ ಸರಿಯಾದ ಜಾಗದಲ್ಲಿ. ಎಂಜಿನ್ನಿನ ಹೊಗೆಕೊಳವೆ ಮೇಲ್ಬದಿಗಿದೆ. ಹಾಗಾಗಿ ಮಸಿ ರೆಕ್ಕೆಯ ಮೇಲೆ ಹಿಂದಕ್ಕೆ ಹರಡಲಿ. ನೀರು ಬಡಿಯುವ ಮೂತಿಯ ಕೆಳಭಾಗದಲ್ಲಿ ಬೆಳ್ಳಿ ಬಣ್ಣವನ್ನು ಸ್ಪಂಜಿನ ಚೂರಿನಿಂದ ಒತ್ತಿದರೆ ಬಣ್ಣ ಉದುರಿದಂತೆ ಕಾಣುತ್ತದೆ. ಅದೇ ಬೆಳ್ಳಿಯನ್ನು ರೆಕ್ಕೆಯ ಹಿಂಬದಿಗೆ ಒತ್ತಬೇಡಿ. ಆ ಭಾಗಕ್ಕೆ ಹೊದಿಸಿದ್ದು ಬಟ್ಟೆ, ಬಣ್ಣ ಹೋದರೂ ಅಲ್ಲಿ ಲೋಹ ಕಾಣಲು ಸಾಧ್ಯವಿಲ್ಲ. ಅಲ್ಲಿಗೆ ಬಿಸಿಲಿಗೆ ಮಾಸಿದ ತಿಳಿಬಣ್ಣ ಸಾಕು.

ಕೊನೆಗೆ ಟೇಪುಗಳನ್ನು ಚಿಮಟದಿಂದ ನಿಧಾನವಾಗಿ ತೆಗೆಯಿರಿ. ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು ಎಳೆದರೆ ಕೂದಲಿನಷ್ಟು ತೆಳ್ಳಗೆ ಬರುತ್ತದೆ, ಆಂಟೆನಾ ತಂತಿಗೆ ಅದೇ ಆಗುತ್ತದೆ. ಎತ್ತುವಾಗ ಯಾವತ್ತೂ ರೆಕ್ಕೆ ಹಿಡಿಯಬೇಡಿ, ಹೊಟ್ಟೆಯ ಕೆಳಗೆ ಅಂಗೈ ಕೊಡಿ. ಇಡುವುದು ಗಾಜಿನ ಪೆಟ್ಟಿಗೆಯಲ್ಲಿ, ನೇರ ಬಿಸಿಲು ಬೀಳದ ಕಡೆ.