ಆನ್ ಆರ್ಬರಿಗೆ ಹೊಸದಾಗಿ ಬಂದವರಿಗೆ: ಕೋಚ್ ಬದಲಾದಾಗ ಈ ಊರಿಗೆ ಏನಾಗುತ್ತದೆ

ಹೊಸದಾಗಿ ಬಂದವರಿಗೆ ನಾವೆಲ್ಲ ಹೇಳಿಕೊಡುವುದು ಹೆಚ್ಚುಕಡಿಮೆ ಒಂದೇ ಪಾಠ. ಡ್ರೈವಿಂಗ್ ಲೈಸೆನ್ಸ್ ಹೇಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಹಿಮದಲ್ಲಿ ಬ್ರೇಕ್ ಹೇಗೆ ಒತ್ತಬೇಕು. ಇಲ್ಲಿಯ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಆಡುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಾನು ಇಲ್ಲಿಗೆ ಬಂದದ್ದು 2007ರ ಆಗಸ್ಟ್‌ನಲ್ಲಿ. ಇನ್ನೂ ಪೆಟ್ಟಿಗೆ ಬಿಚ್ಚಿ ಮುಗಿದಿರಲಿಲ್ಲ. ಸೆಪ್ಟೆಂಬರ್ 1, ಶನಿವಾರ. ಸಂಜೆ ಪಕ್ಕದ ಮನೆಯ ಅಜ್ಜ ಮೆಟ್ಟಿಲ ಮೇಲೆ ತಲೆ ತಗ್ಗಿಸಿಕೊಂಡು ಒಬ್ಬರೇ ಕೂತಿದ್ದರು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡು ಹೋಗಿ ವಿಚಾರಿಸಿದೆ. ಅವರು ಸ್ಕೋರ್ ಹೇಳಿದರು. ದೇಶದಲ್ಲಿ ಐದನೇ ಸ್ಥಾನದಲ್ಲಿದ್ದ ಮಿಶಿಗನ್ ತಂಡ ಅಪಲಾಚಿಯನ್ ಸ್ಟೇಟ್ ಅನ್ನುವ ಕೆಳಗಿನ ದರ್ಜೆಯ ತಂಡಕ್ಕೆ 34-32ರಲ್ಲಿ ಸೋತಿತ್ತು. ನನಗೆ ಆಟದ ಗಂಧಗಾಳಿ ಇರಲಿಲ್ಲ. ಸುಮ್ನೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆ. ಈ ಊರಿನ ಜೊತೆ ನನ್ನ ನಂಟು ಶುರುವಾದದ್ದು ಅಲ್ಲಿಂದಲೇ.

ಆ ನವೆಂಬರ್‌ನಲ್ಲಿ ಕೋಚ್ ಲಾಯ್ಡ್ ಕಾರ್ ನಿವೃತ್ತಿ ಘೋಷಿಸಿದರು. ಆಫೀಸಿನಲ್ಲಿ ಎರಡು ವಾರ ಬೇರೆ ಮಾತೇ ಇರಲಿಲ್ಲ. ಒಬ್ಬ ಕೋಚ್ ಹೋದರೆ ಇಷ್ಟೊಂದು ಯಾಕೆ ಅಂತ ನನಗೆ ಅನ್ನಿಸಿತ್ತು. ನಿಮಗೂ ಅನ್ನಿಸುತ್ತದೆ. ನಾವು ಕ್ರಿಕೆಟ್ ನೋಡಿ ಬೆಳೆದವರು. ನಮಗೆ ತಂಡ ಅಂದರೆ ಆಟಗಾರರು, ಜಾಸ್ತಿ ಅಂದರೆ ಕ್ಯಾಪ್ಟನ್. ಇಲ್ಲಿ ಹಾಗಲ್ಲ. ಆಟಗಾರರು ಓದುವ ಹುಡುಗರು, ನಾಲ್ಕೈದು ವರ್ಷಕ್ಕೆ ಹೊರಟುಹೋಗುತ್ತಾರೆ. ಉಳಿಯುವವರು ಕೋಚ್. ಹೈಸ್ಕೂಲ್ ಹುಡುಗರ ಮನೆಗೆ ಹೋಗಿ, ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ, ಮಗನನ್ನು ನಮ್ಮ ಕಡೆ ಕಳಿಸಿ ಅಂತ ಕೇಳುವವರು ಅವರೇ. ಅವರು ಹೋದರೆ, ಅವರನ್ನು ನಂಬಿ ಬಂದ ಹುಡುಗರೂ ಬೇರೆ ಕಾಲೇಜಿಗೆ ಹೋಗಬಹುದು. ಒಂದು ಸಹಿಯಿಂದ ತಂಡಕ್ಕೆ ತಂಡವೇ ಕರಗಿಹೋಗುವ ಭಯ ಅದು.

ಇನ್ನೊಂದು ವಿಷಯ. ಕೋಚ್‌ನ ಯೋಗ್ಯತೆಯನ್ನು ಇಲ್ಲಿ ವರ್ಷದ ಎಲ್ಲ ಪಂದ್ಯಗಳಿಂದ ಅಳೆಯುವುದಿಲ್ಲ. ನವೆಂಬರ್‌ನ ಕೊನೆಯ ಶನಿವಾರ ಪಕ್ಕದ ರಾಜ್ಯದ ಕೊಲಂಬಸ್ ಊರಿನ ವಿಶ್ವವಿದ್ಯಾಲಯ ಒಹಾಯೊ ಸ್ಟೇಟ್ ಎದುರು ಏನು ಮಾಡಿದರು ಅನ್ನುವುದೇ ಲೆಕ್ಕ. ಎರಡೂ ಊರಿನವರು ಅದನ್ನು ‘ದಿ ಗೇಮ್’ ಅಂತ ಕರೆಯುತ್ತಾರೆ. ಹೆಸರು ಬೇಕಾಗಿಯೇ ಇಲ್ಲ.

ಮೊದಲ ಪಂದ್ಯ ನಡೆದದ್ದು 1897ರಲ್ಲಿ. ಜಗಳ ಅದಕ್ಕಿಂತ ಹಳೆಯದು. 1835ರಲ್ಲಿ ಗಡಿಯ ಟೊಲೀಡೊ ಪಟ್ಟಿಯ ನೆಲಕ್ಕಾಗಿ ಒಹಾಯೊ, ಮಿಶಿಗನ್ ಎರಡೂ ಕಡೆಯವರು ಸೈನ್ಯ ಸೇರಿಸಿದ್ದರು. ನೆಲ ಒಹಾಯೊಗೆ ಹೋಯಿತು, ಮಿಶಿಗನ್‌ಗೆ ಮೇಲಿನ ಪರ್ಯಾಯ ದ್ವೀಪ ಸಿಕ್ಕಿತು. ಗಡಿ ತಂಟೆ ಏನು ಅಂತ ಬೆಳಗಾವಿಯ ಸುದ್ದಿ ಓದಿ ಬೆಳೆದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಆದರೆ ಈ ಆಟಕ್ಕೆ ಇವತ್ತಿನ ಕಾವು ಬಂದದ್ದು ಒಂದು ಕೋಚ್ ಬದಲಾವಣೆಯಿಂದ. 1968ರಲ್ಲಿ ಒಹಾಯೊ ಸ್ಟೇಟ್ ನಮ್ಮನ್ನು 50-14ರಲ್ಲಿ ಸೋಲಿಸಿತು. ಮುಂದಿನ ವರ್ಷಕ್ಕೆ ಮಿಶಿಗನ್ ಕರೆತಂದದ್ದು ಬೊ ಶೆಂಬೆಕ್ಲರ್ ಅವರನ್ನು. ಎದುರಾಳಿ ಕೋಚ್ ವುಡಿ ಹೇಯ್ಸ್ ಕೈಕೆಳಗೆ ಆಡಿ, ಅವರ ಸಹಾಯಕನಾಗಿ ದುಡಿದಿದ್ದ ಮನುಷ್ಯ. ಗುರುವಿನ ಎದುರು ಶಿಷ್ಯ. ಬಂದ ಮೊದಲ ವರ್ಷವೇ, 1969ರಲ್ಲಿ, ದೇಶದ ಒಂದನೇ ತಂಡವಾಗಿದ್ದ ಒಹಾಯೊ ಸ್ಟೇಟನ್ನು ಬೊ 24-12ರಲ್ಲಿ ಸೋಲಿಸಿದರು. ಮುಂದೆ 1978ರವರೆಗೆ ಇಬ್ಬರೂ ಎದುರುಬದುರು. ಹತ್ತು ಪಂದ್ಯ: ಬೊ ಗೆದ್ದದ್ದು 5, ವುಡಿ 4, ಒಂದು ಸಮ. ಇದನ್ನು ಇಲ್ಲಿಯವರು ಹತ್ತು ವರ್ಷದ ಯುದ್ಧ ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜ 1969ರ ಆ ಪಂದ್ಯಕ್ಕೆ ಹೋಗಿದ್ದವರು. ಅದನ್ನು ಹೇಳುವಾಗ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದರು.

2006ರಲ್ಲಿ ಒಂದು ಮತ್ತು ಎರಡನೇ ಸ್ಥಾನದ ತಂಡಗಳಾಗಿ ಇವೆರಡೂ ಎದುರಾದವು. ಹಿಂದಿನ ದಿನವೇ ಬೊ ತೀರಿಕೊಂಡರು. ಮಿಶಿಗನ್ 42-39ರಲ್ಲಿ ಸೋತಿತು. ನಾನು ಬರುವ ಒಂದು ವರ್ಷ ಮೊದಲಿನ ಮಾತು ಇದು, ಆದರೂ ಆ ನೋವು ನನಗೂ ಗೊತ್ತು. ಅಷ್ಟು ಸಲ ಕೇಳಿದ್ದೇನೆ.

ಆಮೇಲೆ ಬಂದದ್ದು ಬರಗಾಲ. 2008ರಲ್ಲಿ ರಿಚ್ ರಾಡ್ರಿಗೆಜ್ ಬಂದರು. ಹೊರಗಿನವರು, ಆಡಿಸುವ ರೀತಿಯೂ ಹೊಸದು. ಮೊದಲ ವರ್ಷ 3 ಗೆಲುವು, 9 ಸೋಲು. ಮೂರು ವರ್ಷದಲ್ಲಿ ಒಹಾಯೊ ಎದುರು ಒಂದೂ ಗೆಲುವಿಲ್ಲ. ಬ್ರೇಡಿ ಹೋಕ್ ಬಂದು 2011ರಲ್ಲಿ 40-34ರಲ್ಲಿ ಗೆದ್ದಾಗ ಅಜ್ಜ ನನ್ನನ್ನು ತಬ್ಬಿಕೊಂಡು ಅತ್ತರು. 2004ರಿಂದ 2019ರವರೆಗೆ 16 ಪಂದ್ಯಗಳಲ್ಲಿ ನಾವು ಗೆದ್ದದ್ದು ಅದೊಂದೇ. ಬೊ ಅವರ ಕೈಕೆಳಗೇ ಆಡಿದ್ದ ಜಿಮ್ ಹಾರ್ಬಾ 2014ರ ಕೊನೆಗೆ ಕೋಚ್ ಆಗಿ ಬಂದಾಗ ಮನೆಮಗ ವಾಪಸ್ ಬಂದಷ್ಟು ಸಂತೋಷ. ಅವರೂ ಒಹಾಯೊ ಎದುರು ಮೊದಲ ಐದು ಪಂದ್ಯ ಸೋತರು. ಊರು ಕಾದಿತು. 2021ರ ನವೆಂಬರ್ 27ರಂದು ಹಿಮ ಬೀಳುತ್ತಿದ್ದಾಗ 42-27ರಲ್ಲಿ ಗೆದ್ದೆವು. ಆ ದಿನ ನಾನು ಸ್ಟೇಡಿಯಂನಲ್ಲಿದ್ದೆ. ಲಕ್ಷ ಜನ ಒಟ್ಟಿಗೆ ಕೂಗುವುದನ್ನು ಎದೆಯೊಳಗೆ ಕೇಳಬೇಕು, ಕಿವಿ ಸಾಲದು.

ಹಾರ್ಬಾ 2024ರ ಜನವರಿ 8ರಂದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದರು, ಅದೇ ತಿಂಗಳು ಲಾಸ್ ಏಂಜಲೀಸ್ ಚಾರ್ಜರ್ಸ್ ಅನ್ನುವ ವೃತ್ತಿಪರ ತಂಡಕ್ಕೆ ಹೊರಟರು. ಅವರ ಜಾಗಕ್ಕೆ ಬಂದ ಶೆರೋನ್ ಮೂರ್ ಅದೇ ವರ್ಷ ಕೊಲಂಬಸ್‌ನಲ್ಲಿ 13-10ರಲ್ಲಿ ಗೆದ್ದರು. ಯಾರೂ ನಿರೀಕ್ಷಿಸಿರಲಿಲ್ಲ. 2025ರಲ್ಲಿ ಮಾತ್ರ ಇಲ್ಲೇ 27-9ರ ಸೋಲು. ಡಿಸೆಂಬರ್ 10ರಂದು ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ಕಾರಣ ಆಟವಲ್ಲ, ನಡತೆ. ಇದರ ಬಗ್ಗೆ ಇಲ್ಲಿಯವರನ್ನು ಕೆದಕಬೇಡಿ. ಜನರಿಗೆ ನಿಜವಾಗಿ ನೋವಾಗಿದೆ. ಅವರಾಗಿಯೇ ಮಾತು ತೆಗೆದರೆ ಕೇಳಿಸಿಕೊಳ್ಳಿ, ಅಷ್ಟು ಸಾಕು.

ಈಗ ಬಂದಿರುವವರು ಕೈಲ್ ವಿಟಿಂಗ್‌ಹ್ಯಾಮ್. ಯೂಟಾದಲ್ಲಿ 21 ಸೀಸನ್ ಮುಖ್ಯ ಕೋಚ್ ಆಗಿದ್ದವರು. ಅಲ್ಲಿ ಅವರು ಹಿಡಿದದ್ದು ಅರ್ಬನ್ ಮೆಯರ್ ಬಿಟ್ಟುಹೋದ ಜಾಗ. ಮೆಯರ್ ಅಂದರೆ ಆಮೇಲೆ ಒಹಾಯೊ ಸ್ಟೇಟ್‌ಗೆ ಹೋಗಿ ನಮ್ಮ ಎದುರು ಏಳಕ್ಕೆ ಏಳೂ ಗೆದ್ದವರು. ನನಗೆ ಈ ನೇಮಕ ಇಷ್ಟವಾಗಿದೆ. ಒಂದೇ ಕಡೆ ಇಷ್ಟು ವರ್ಷ ನಿಂತು ದುಡಿದವರು ಅಪರೂಪ, ಮನೆ ಅಲುಗಾಡಿದಾಗ ಅಂಥವರೇ ಬೇಕು. ಆದರೆ ನಾನು ಏನಂದರೂ ನವೆಂಬರ್ ತೀರ್ಮಾನ ಮಾಡುತ್ತದೆ.

ಆಫೀಸಿನಲ್ಲಿ ಈ ಮಾತು ಬಂದಾಗ ‘ಅದು ಬರೀ ಆಟ ಅಲ್ವಾ’ ಅನ್ನಬೇಡಿ. ಕೋಚ್ ಸಂಬಳ ಗವರ್ನರ್ ಸಂಬಳಕ್ಕಿಂತ ಎಷ್ಟು ಪಟ್ಟು ಅನ್ನುವ ಲೆಕ್ಕವನ್ನೂ ತೆಗೆಯಬೇಡಿ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಅಭಿಪ್ರಾಯ ಕೊಡುವುದಕ್ಕಿಂತ ಒಂದು ಪ್ರಶ್ನೆ ಕೇಳಿ: ನೀವು ಮೊದಲ ಸಲ ಯಾವ ವರ್ಷ ಪಂದ್ಯಕ್ಕೆ ಹೋಗಿದ್ದಿರಿ, ಯಾರು ಕರೆದುಕೊಂಡು ಹೋಗಿದ್ದರು? ಅಪ್ಪನ ಕಥೆ ಬರುತ್ತದೆ, ಅಜ್ಜನ ಕಥೆ ಬರುತ್ತದೆ. ಹವಾಮಾನದ ಮಾತಾಡಿಕೊಂಡು ಎರಡು ವರ್ಷ ಕಳೆದರೂ ಸಿಗದ ಸ್ನೇಹ ಅರ್ಧ ಗಂಟೆಯಲ್ಲಿ ಸಿಗುತ್ತದೆ.

ಬಣ್ಣದ ಬಗ್ಗೆಯೂ ಹೇಳಬೇಕು. ನಮ್ಮದು ಮೆಕ್ಕೆಜೋಳದ ಹಳದಿ ಮತ್ತು ನೀಲಿ. ಒಹಾಯೊ ಸ್ಟೇಟ್‌ನದು ಕೆಂಪು ಮತ್ತು ಬೂದು. ಆ ವಾರ ಕೆಂಪು ಸ್ವೆಟರ್ ಹಾಕಿಕೊಂಡು ಆಫೀಸಿಗೆ ಹೋಗಬೇಡಿ. ಅದೇ ತಿಂಗಳು ರಾಜ್ಯೋತ್ಸವ. ಹೆಗಲ ಮೇಲೆ ಹಳದಿ ಕೆಂಪು ಶಲ್ಯ ಇರುವ ಫೋಟೋ ನೋಡಿ ಸಹೋದ್ಯೋಗಿಯೊಬ್ಬರು, ಇದೇನು ಎರಡೂ ಕಡೆ ಇದ್ದೀಯಾ ಅಂತ ಕೇಳಿದರು. ಅರಿಶಿನ ಕುಂಕುಮದ ಅರ್ಥ ಹೇಳಿದೆ. ಕರ್ನಾಟಕ ಎಲ್ಲಿದೆ ಅಂತ ಅವರು ಅವತ್ತೇ ಮೊದಲ ಸಲ ಕೇಳಿದ್ದು.

ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರುತ್ತಾರೆ, ಅಂದರೆ ಹೆಚ್ಚುಕಡಿಮೆ ಇಡೀ ಊರು. ಇಲ್ಲಿ ಪಂದ್ಯ ಇರುವ ಶನಿವಾರ ಮನೆ ಬದಲಾಯಿಸುವುದು, ಏರ್‌ಪೋರ್ಟಿಗೆ ಹೋಗುವುದು ಇಟ್ಟುಕೊಳ್ಳಬೇಡಿ. ಸ್ಟೇಡಿಯಂ ಬುಲೆವಾರ್ಡ್, ಮೇನ್ ಸ್ಟ್ರೀಟ್ ಎರಡೂ ಕಟ್ಟಿಕೊಳ್ಳುತ್ತವೆ. ಟಿಕೆಟ್ ದುಬಾರಿ ಅನ್ನಿಸಿದರೆ ಬೆಳಿಗ್ಗೆ ಟೇಲ್‌ಗೇಟ್‌ಗಾದರೂ ಹೋಗಿ. ಕಾರಿನ ಹಿಂದೆ ಒಲೆ ಹಚ್ಚಿಕೊಂಡು ಊಟ ಮಾಡುವ ಜಾತ್ರೆ ಅದು. ಮಾಂಸ ತಿನ್ನದವರಿಗೆ ಅಲ್ಲಿ ಏನೂ ಸಿಗುವುದಿಲ್ಲ ಅಂದುಕೊಳ್ಳಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಒಂದು ಡಬ್ಬಿ ಕೋಡುಬಳೆ ಜಾಸ್ತಿ ಇರಲಿ. ಅಕ್ಕಪಕ್ಕದವರು ಕೇಳಿ ಇಸಕೊಳ್ಳುತ್ತಾರೆ.

ದೊಡ್ಡ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ಬರುತ್ತದೆ. ಬೆಸ ವರ್ಷ ಇಲ್ಲಿ, ಸಮ ವರ್ಷ ಕೊಲಂಬಸ್‌ನಲ್ಲಿ. ನನ್ನ ತಂಗಿ ಮನೆ ಕೊಲಂಬಸ್‌ನಲ್ಲೇ. ಒಹಾಯೊ ಸ್ಟೇಟ್ 2025ರ ಜನವರಿಯಲ್ಲಿ ದೇಶಕ್ಕೇ ಚಾಂಪಿಯನ್ ಆದ ರಾತ್ರಿ ತಂಗಿ ಗಂಡನಿಗೆ ಫೋನ್ ಮಾಡಿ ಅಭಿನಂದನೆ ಹೇಳಿದೆ. ‘ಖುಷಿ ಇದೆ ಭಾವ, ಆದ್ರೂ ನವೆಂಬರ್‌ನಲ್ಲಿ ನಿಮ್ಮ ಕೈಲಿ ಸೋತದ್ದು ಇನ್ನೂ ಉರೀತಿದೆ’ ಅಂದರು. ಅವರ ಕೋಚ್ ರಯಾನ್ ಡೇ ಆಗ ನಮಗೆ ಸತತ ನಾಲ್ಕು ವರ್ಷ ಸೋತಿದ್ದರು. ಅವರನ್ನು ಓಡಿಸಿ ಅಂತ ಅದೇ ಊರು ಕೂಗಿತ್ತು.

2026ರ ಪಂದ್ಯ ಕೊಲಂಬಸ್‌ನಲ್ಲಿ. ಗುರುವಾರವೇ ನಾವು ಹೊರಡುತ್ತೇವೆ. ತಂಗಿ ಮನೆಯ ಸೋಫಾದಲ್ಲಿ ಒಂದು ಕಡೆ ಹಳದಿ, ಇನ್ನೊಂದು ಕಡೆ ಕೆಂಪು. ಮಧ್ಯೆ ಪುಳಿಯೋಗರೆ ಪಾತ್ರೆ. ಹೊಸಬರು ಯಾರಾದರೂ ಬರುವುದಾದರೆ ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ.