ಬೆಟ್ಟದವಳ ಮೈನಸ್ ಎರಡು

ಸ್ನೇಹಿತರ ಜೊತೆ ಆಡೋಕೆ ಅಂತ ನನ್ನದೇ ಒಂದು ರೋಲ್‌ಪ್ಲೇಯಿಂಗ್ ಗೇಮ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಎಸೆಯುತ್ತ ಕಥೆ ಕಟ್ಟುವ ಆಟ) ಬರೆಯಲು ಕೂತಾಗ ಮೊದಲು ಮಾಡಿದ್ದು ಜನಾಂಗಗಳ ಪಟ್ಟಿ. ಬೆಟ್ಟದವರಿಗೆ ಬಲ +2, ಬುದ್ಧಿ −2. ಅಲೆಮಾರಿಗಳಿಗೆ ಜೇಬಿಗೆ ಕೈಹಾಕುವ ಕೈಚಳಕ. ಕಾಡಿನವರಿಗೆ ಹುಟ್ಟಿನಿಂದಲೇ ವಿವೇಕ. ಒಂದೇ ಸಂಜೆಗೆ ಮುಗಿಯಿತು. ಅಷ್ಟು ಸಲೀಸಾಗಿ ಮುಗಿದಾಗಲೇ ಅನುಮಾನ ಬರಬೇಕಿತ್ತು.

ಬರಲಿಲ್ಲ. ಕ್ಯಾರೆಕ್ಟರ್ ಶೀಟ್, ಅಂದರೆ ತನ್ನ ಪಾತ್ರದ ವಿವರದ ಹಾಳೆ, ತುಂಬುತ್ತಿದ್ದ ಗೆಳತಿ ಕೇಳಿದಳು: "ಇವಳು ಹತ್ತು ವರ್ಷ ಗ್ರಂಥಾಲಯದಲ್ಲಿ ಬೆಳೆದವಳು ಕಣೋ. ಬುದ್ಧಿ ಮೈನಸ್ ಎರಡು ಯಾಕೆ?"

"ಬೆಟ್ಟದವಳಲ್ವಾ" ಅಂದೆ. ಅಂದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು.

ನನ್ನ ಆಟದ ಲೆಕ್ಕದಲ್ಲಿ ಬುದ್ಧಿಯ ಆ −2 ಡೈಸ್‌ನಲ್ಲಿ ಬಿದ್ದ ಸಂಖ್ಯೆಯಿಂದ ಕಳೆಯುವುದು ಒಂದೇ ಅಂಕ. ಇಪ್ಪತ್ತು ಮುಖದ ಡೈಸ್‌ನಲ್ಲಿ ಅದು ಶೇಕಡಾ 5. ಆಡುವಾಗ ಯಾರ ಗಮನಕ್ಕೂ ಬರುವುದಿಲ್ಲ. ಆಟಕ್ಕೆ ಅದರಿಂದ ಏನೂ ಲಾಭವಿಲ್ಲ, ಒಂದು ಇಡೀ ಜನರನ್ನು ದಡ್ಡರೆಂದದ್ದು ಮಾತ್ರ ಶೀಟಿನಲ್ಲಿ ಉಳಿಯಿತು. ಕಾಡಿನವರ ಆ ಹುಟ್ಟು ವಿವೇಕವೂ ಹೊಗಳಿಕೆಯ ವೇಷದಲ್ಲಿದ್ದ ಅದೇ ಸರಕು.

ಈ ಚಾಳಿ ನನ್ನೊಬ್ಬನದಲ್ಲ. ಈ ಬಗೆಯ ಆಟಗಳಲ್ಲಿ ಹೆಸರಾಂತ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2000ದ ಮೂರನೇ ಆವೃತ್ತಿಯಲ್ಲಿ ಹಾಫ್-ಆರ್ಕ್‌ಗೆ (ಅರ್ಧ ಮನುಷ್ಯ, ಅರ್ಧ ಆರ್ಕ್ ಎಂಬ ಕಾಲ್ಪನಿಕ ಜನಾಂಗ) ಬಲ +2, ಬುದ್ಧಿ −2, ವರ್ಚಸ್ಸು −2. 2014ರ ಐದನೇ ಆವೃತ್ತಿಯಲ್ಲೂ ಡ್ವಾರ್ಫ್ ಎಂಬ ಕುಳ್ಳರ ಜನಾಂಗದಲ್ಲಿ ಹುಟ್ಟಿದರೆ ಸಾಕು, ಯುದ್ಧಗೊಡಲಿ ಬೀಸಲು ಬರುತ್ತಿತ್ತು. ಕಲಿಸಿದವರು ಯಾರು ಅನ್ನುವ ಪ್ರಶ್ನೆಯೇ ಇಲ್ಲ.

ಹಾಗಾಗಿ ಪಟ್ಟಿಯನ್ನು ಎರಡಾಗಿ ಸೀಳಿದೆ. ರೆಕ್ಕೆ, ಕತ್ತಲಲ್ಲಿ ಕಾಣುವ ಕಣ್ಣು, ನೀರಿನೊಳಗೆ ಉಸಿರಾಟ ಇವೆಲ್ಲ ಮೈಯ ಕಡೆಗೆ. ಕಲಿತದ್ದೆಲ್ಲ ಹಿನ್ನೆಲೆಯ, ಅಂದರೆ ಪಾತ್ರ ಆಟಕ್ಕೆ ಮೊದಲು ಬಾಳಿದ ಬದುಕಿನ, ಕಡೆಗೆ. ಕೋಪ, ಲೋಭ, ಧೈರ್ಯ ಎರಡೂ ಕಡೆ ಇಲ್ಲ. ಅದು ಆಡುವವರ ಪಾಲು.

ಇಷ್ಟಕ್ಕೇ ಬಗೆಹರಿಯಿತು ಅಂದುಕೊಂಡಿದ್ದೆ. ಆದರೆ ರೈತ ಅಂದರೆ ಬಲ, ಪಂಡಿತ ಅಂದರೆ ಬುದ್ಧಿ ಅಂತ ಬರೆದಿದ್ದೆ. ಜನಾಂಗಕ್ಕೆ ಅಂಟಿದ್ದ ಹಣೆಪಟ್ಟಿ ಕಸುಬಿಗೆ ಬಂದು ಕೂತಿತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ನಿಯಮಗಳೂ ಇಲ್ಲೇ ಎಡವಿವೆ ಅನ್ನುವುದು ನನ್ನ ತಕರಾರು. ಅಂಕಗಳನ್ನು ಹುಟ್ಟಿನಿಂದ ಬಿಡಿಸಿ ಹಿನ್ನೆಲೆಗೆ ಕೊಟ್ಟದ್ದು ಸರಿ. ಆದರೆ ರೈತನ ಹಿನ್ನೆಲೆಯಲ್ಲಿ ಏರಿಸಿಕೊಳ್ಳಲು ಇರುವುದು ಬಲ, ದೇಹದಾರ್ಢ್ಯ, ವಿವೇಕ ಮೂರೇ, ಬುದ್ಧಿ ಇಲ್ಲ. ಮಳೆ, ಬಿತ್ತನೆ, ಸಾಲ ಇಷ್ಟನ್ನೂ ತಲೆಯಲ್ಲೇ ಲೆಕ್ಕ ಹಾಕುವವನಿಗೆ! ನಾನು ಬಲ, ಬುದ್ಧಿಯ ಅಂಕಗಳನ್ನು ಹಿನ್ನೆಲೆಯಿಂದಲೂ ಕಿತ್ತು ಆಡುವವರ ಇಷ್ಟಕ್ಕೆ ಬಿಟ್ಟೆ.

ಹಾಗಾದರೆ ಹಿನ್ನೆಲೆ ಕೊಡುವುದೇನು? 2013ರ ಥರ್ಟೀನ್ತ್ ಏಜ್ ಆಟದ ಪದ್ಧತಿ ಇಲ್ಲಿ ಕೈಹಿಡಿಯಿತು. ಅದರಲ್ಲಿ ಹಿನ್ನೆಲೆಯನ್ನು ಆಡುವವರೇ ತಮ್ಮ ಮಾತಿನಲ್ಲಿ ಬರೆದು, ಆ ಅನುಭವ ನೆರವಾಗುವಾಗ ಡೈಸ್‌ಗೆ ಕೂಡಿಕೊಳ್ಳುವ 8 ಅಂಕಗಳನ್ನು ಅವುಗಳಿಗೆ ಹಂಚಿಕೊಳ್ಳುತ್ತಾರೆ, ಒಂದಕ್ಕೆ 5ಕ್ಕಿಂತ ಹೆಚ್ಚಿಲ್ಲ. ನಾನು ಅದಕ್ಕೆ ಒಂದು ಷರತ್ತು ಸೇರಿಸಿದೆ: ಪ್ರತಿ ಹಿನ್ನೆಲೆಯಲ್ಲೂ ಒಂದು ಕ್ರಿಯಾಪದ ಇರಬೇಕು. "ಅಲೆಮಾರಿ" ನಡೆಯುವುದಿಲ್ಲ. "ಆರು ವರ್ಷ ಸಂತೆಯಿಂದ ಸಂತೆಗೆ ಉಪ್ಪು ಸಾಗಿಸಿದೆ" ನಡೆಯುತ್ತದೆ.

ಆ ಉಪ್ಪಿನವನಿಗೆ ಜೇಬುಗಳ್ಳತನದ ಬದಲು ಕೊಟ್ಟದ್ದು "ಹಳೇ ಬಾಕಿ". ಹೊಸ ಊರು ಹೊಕ್ಕಾಗ, ಆಟದ ಒಂದು ಬೈಠಕ್ಕಿಗೆ ಒಮ್ಮೆ, ಅಲ್ಲಿ ಪರಿಚಯದವರೊಬ್ಬರನ್ನು ಹೆಸರಿಸಬಹುದು. ಆಮೇಲೆ ಆರು ಮುಖದ ಡೈಸ್ ಎಸೆಯಬೇಕು: 4ರಿಂದ 6 ಬಿದ್ದರೆ ಅವರು ನಿನಗೆ ಋಣಿ, 1ರಿಂದ 3 ಬಿದ್ದರೆ ನೀನೇ ಬಾಕಿದಾರ. ಜೇಬುಗಳ್ಳತನದಿಂದ ಒಂದು ಚೀಲ ನಾಣ್ಯ ಸಿಗುತ್ತಿತ್ತು. ಇದರಿಂದ ಒಂದು ಜಗಳ, ಒಂದು ಮದುವೆಯ ಕರೆ, ರಾತ್ರಿ ತಂಗಲು ಒಂದು ಕೊಟ್ಟಿಗೆ ಸಿಕ್ಕವು.

ಬರೆದು ಮುಗಿದ ಮೇಲೆ ಜನಾಂಗದ ಹೆಸರುಗಳನ್ನು ಅದಲುಬದಲು ಮಾಡಿ ಓದುತ್ತೇನೆ. ಅರ್ಥ ಕೆಟ್ಟರೆ ಆ ಸಾಮರ್ಥ್ಯ ಇನ್ನೂ ರಕ್ತಕ್ಕೇ ಅಂಟಿದೆ ಅಂತ ಲೆಕ್ಕ. ಪಠ್ಯ ಪಾಸಾದರೂ ಒಮ್ಮೆ ಮಾದರಿ ಪಾತ್ರಗಳು ಫೇಲಾದವು: ಉಪ್ಪು ಸಾಗಿಸುವವರೆಲ್ಲ ಒಂದೇ ಜನಾಂಗದವರು, ನ್ಯಾಯಾಧೀಶರೆಲ್ಲ ಇನ್ನೊಂದರವರು. ಹನ್ನೆರಡನ್ನೂ ಚೀಟಿ ಎತ್ತಿ ಮತ್ತೆ ಹಂಚಿದೆ.

"ಎಲ್ಲರೂ ಒಂದೇ ಥರ ಆದರಲ್ಲ" ಅಂತ ಒಬ್ಬ ಗೊಣಗಿದ. ಎರಡನೇ ಬೈಠಕ್ಕಿಗೆ ಅವನ ಹಿನ್ನೆಲೆ ಹೀಗಿತ್ತು: "ಸುಳ್ಳು ಸಾಕ್ಷಿ ಹೇಳಿ ಊರು ಬಿಟ್ಟೆ." ಅದಕ್ಕೆ 5 ಅಂಕ ಹಾಕಿಕೊಂಡಿದ್ದ.